ಶೂ ಬಿಚ್ಚದೆ ಒಳಬಂದ ಕೊಲೆಗಾರ

ಅಮೆರಿಕದ ವೆಸ್ಟ್‌ಮಂಟ್‌ನಲ್ಲಿ ಬೆಳಕು ಹರಿಯುತ್ತಿದೆ. ಕನ್ನಡದ ಹಿರಿಯರು ಹಗಲು ಕಳೆಯುವ ಕೇಂದ್ರಕ್ಕೆ ಇನ್ನೂ ಯಾರೂ ಬಂದಿಲ್ಲ. ಅಡುಗೆಕೋಣೆಯಲ್ಲಿ ರೇಣು ಕಾರ್ನ್‌ಫ್ಲೋರ್ ತುಂಬಿದ ಬಟ್ಟೆಚೀಲವನ್ನು ಮೈಕಿನ ಮುಂದೆ ಹಿಸುಕುತ್ತಾರೆ. ಯಾರೋ ಹಿಮ ತುಳಿದು ಬರುತ್ತಿರುವಂತೆ ಕೇಳಿಸುತ್ತದೆ. ರೇಣು ಬಗ್ಗೆ ಬರೆಯಲು ಬಂದ ನಾನು ಹಿಂತಿರುಗಿ ನೋಡುತ್ತೇನೆ.

ಹಿರಿಯರಿಗೆ ಊಟ ಬಡಿಸುವುದು, ಕೈಹಿಡಿದು ನಡೆಸುವುದು ಇವರ ಕೆಲಸ. ಪ್ರತಿ ಬುಧವಾರ ರೇಡಿಯೊದಂತೆ ಬರೀ ಸದ್ದಿನಲ್ಲಿ ಕೊಲೆಯ ನಾಟಕ ಮಾಡಿ ಎಂದು ಯಾರೂ ಹೇಳಿಲ್ಲ. ಗಂಡನ ವೀಸಾದ ಮೇಲೆ ಬಂದು ಕೆಲಸಕ್ಕೆ ಅನುಮತಿಯಿಲ್ಲದೆ ಮನೆಯಲ್ಲಿ ಕೂತಿದ್ದಾಗ, ನಲವತ್ತರ ದಶಕದ ಅಮೆರಿಕನ್ ರೇಡಿಯೊ ಥ್ರಿಲ್ಲರ್‌ಗಳ ಹುಚ್ಚು ಹಿಡಿಯಿತು.

"ಇಂಗ್ಲಿಷ್ ಕಲಿಯೋಣ ಅಂತ ಕೇಳಿದ್ದು. ಕಲಿತದ್ದು ಹೆದರೋದನ್ನ" ಎನ್ನುತ್ತಾರೆ. ಮನೆಯಿರುವ ಪ್ಲೇನ್‌ಫೀಲ್ಡ್‌ನಿಂದ ಡ್ರೈವ್ ಮಾಡುವಾಗ ಈಗಲೂ ಕೇಳುವುದು ಅವೇ. ಅದರಲ್ಲೇನಿದೆ ಎಂದು ಕೇಳಿದೆ. "ಟಿವೀಲಿ ಅವರೇ ಬಾಗಿಲು ತೋರಿಸಿಬಿಡ್ತಾರೆ. ಇದ್ರಲ್ಲಿ ಕಿರ್ ಅಂದಾಗ ತೆಗೆಯೋದು ನಿಮ್ಮನೆ ಬಾಗಿಲೇ."

ಕೇಂದ್ರಕ್ಕೆ ಈಗ ದೊಡ್ಡ ಟಿವಿ ಬಂದಿದೆ. "ನಾಟಕದಲ್ಲಿ ಅರ್ಧ ಜನ ನಿದ್ದೆ ಹೊಡೀತಾರೆ ರೇಣು. ಇವತ್ತೊಂದಿನ ನೋಡ್ತೀನಿ. ಹಂಗೇ ಆದ್ರೆ ಆ ಟೈಮು ಟಿವಿಗೆ" ಎಂದಿದ್ದಾರೆ ಮ್ಯಾನೇಜರ್ ಆಶಾರಾಣಿ.

ಹತ್ತು ಗಂಟೆ. ಹಾಲ್‌ನಲ್ಲಿ ಕಟ್ಟಿದ ಪರದೆಯ ಹಿಂದೆ ರೇಣು, ಕೇಂದ್ರದ ವ್ಯಾನ್ ಓಡಿಸುವ ಕಿಶೋರ್. ಮಾವನನ್ನು ಕೊಲ್ಲಲು ಅಳಿಯನೇ ಬರುವ ಕತೆ. ಅವನು ಯಾರೆಂದು ಕೇಳುವವರಿಗೆ ಕೊನೆಗಷ್ಟೇ ತಿಳಿಯಬೇಕು. ಬಾಗಿಲು ತೆರೆಯುತ್ತದೆ. ರೇಣು ಎರಡು ಕೈಗೂ ಶೂ ತೊಟ್ಟು ಹಲಗೆಯ ಮೇಲೆ ಟಕ್ ಟಕ್ ನಡೆಸುತ್ತಾರೆ.

"ತಡಿಯಮ್ಮ" ಎಂದು ಮುಂದಿನ ಸಾಲಿನ ದೇವಮ್ಮ ಕೈ ಎತ್ತುತ್ತಾರೆ. "ಶೂ ಬಿಚ್ಚಲೇ ಇಲ್ಲ. ಇವನು ಮನೆಯವನಲ್ಲ."

"ಕೊಲೆ ಮಾಡಕ್ಕೆ ಬಂದೋನು ಶೂ ಬಿಚ್ಚಿಟ್ಟು ಬರ್ತಾನೇನ್ರೀ?" ಎಂದು ಪಕ್ಕದಲ್ಲಿ ಕೂತ ಶಂಕರ್ ಅಂಕಲ್ ರೇಗಿಸುತ್ತಾರೆ.

"ಮನೆಯವನಾದ್ರೆ ಬಿಚ್ತಾನೆ. ಕಾಲಿಗೆ ಅಭ್ಯಾಸ ಇರಲ್ವೇ?"

ಎಚ್ಚರವಿದ್ದವರೆಲ್ಲ ನಗುತ್ತಾರೆ. ಪರದೆಯ ಹಿಂದೆ ರೇಣು ಕೈಯಿಂದ ಶೂ ಕಳಚುತ್ತಾರೆ. "ಅಮೆರಿಕದೋರ ನಾಟಕ ಕೇಳೀ ಕೇಳೀ ಅವರ ಹೆಜ್ಜೆನೇ ಹಾಕ್ಬಿಟ್ಟೆ" ಎಂದು ಪಿಸುಗುಟ್ಟುತ್ತಾರೆ. ಬಾಗಿಲ ಬಳಿ ಆಶಾರಾಣಿ ರಿಮೋಟ್ ಹಿಡಿದು ನಿಂತಿದ್ದಾರೆ.

"ಆಂಟಿ, ಇನ್ನೊಂದ್ಸಲ ಬರ್ತಾನೆ ಅವನು, ಕೇಳಿ" ಎನ್ನುತ್ತಾರೆ ರೇಣು.

ಬಾಗಿಲು ಕಿರ್ ಎನ್ನುತ್ತದೆ. ಬಿಚ್ಚಿಟ್ಟ ಒಂದು ಶೂ ಮೆಲ್ಲಗೆ ನೆಲ ಮುಟ್ಟುತ್ತದೆ. ಇನ್ನೊಂದು. ಆಮೇಲೆ ಏನೂ ಇಲ್ಲ. ಬರಿಗಾಲಿಗೆ ಸದ್ದೆಲ್ಲಿ? ಅವನು ಒಳಗಿದ್ದಾನೆ, ಎಲ್ಲಿ ಎಂಬುದು ತಿಳಿಯದು. ಮಾವನ ಗೊರಕೆ ಮಾತ್ರ ಕೇಳುತ್ತಿದೆ. ಅದೂ ನಿಲ್ಲುತ್ತದೆ.

ದೇವಮ್ಮ ಶಂಕರ್ ಅಂಕಲ್ ಅವರ ತೋಳನ್ನು ಬಿಗಿಯಾಗಿ ಹಿಡಿದಿದ್ದಾರೆ. ನಿದ್ದೆ ಮಾಡುತ್ತಿರುವವರು ಯಾರೂ ಇಲ್ಲ. ಖಚಿತಪಡಿಸಿಕೊಳ್ಳಲು ನಾನು ಎರಡು ಬಾರಿ ನೋಡಿದೆ. "ಮನೆಯವನೇ ಕಣ್ರೀ" ಎನ್ನುತ್ತಾರೆ ದೇವಮ್ಮ.

"ಟಿವಿ ಗುರುವಾರ ಹಾಕೋಣ" ಎಂದಷ್ಟೇ ಹೇಳಿ ಆಶಾರಾಣಿ ಹೊರಡುತ್ತಾರೆ.

ಊಟದ ತಟ್ಟೆ ಜೋಡಿಸುತ್ತಿದ್ದ ರೇಣು ಅವರನ್ನು, ಇಷ್ಟೆಲ್ಲ ಯಾಕೆ ಎಂದು ಕೇಳಿದೆ.

"ಸಂಜೆ ಮನೇಲಿ ಈ ಹಿರಿಯರನ್ನ ಮಕ್ಕಳು ಕೇಳ್ತಾರಲ್ಲ, ಇವತ್ತು ಏನಾಯ್ತು ಅಂತ? ಇವರು ದಿನಾ 'ಏನಿಲ್ಲ' ಅಂತಾರೆ. ಬುಧವಾರ ಹಂಗನ್ನಲ್ಲ."