ಸಾಂತ್ವನ ಮಂಡಳಿಯ ಅಧ್ಯಕ್ಷರು ಅತ್ತದ್ದು

ಆ ಊರಿನಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ ಮೊದಲು ಡಾಕ್ಟರು ಬರುತ್ತಿದ್ದರು, ಆಮೇಲೆ ಶವಪೆಟ್ಟಿಗೆಯವನು, ಆಮೇಲೆ ಫ್ರೇಮಿನವರು. ಮೊದಲ ಇಬ್ಬರು ತಮ್ಮ ಕೆಲಸ ಮುಗಿಸಿಕೊಂಡು ಹೋಗುತ್ತಿದ್ದರು. ಫ್ರೇಮಿನವರು ಹೋಗುತ್ತಿರಲಿಲ್ಲ.

ಫ್ರೇಮಿನವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮದುವೆಯ ಫೋಟೋಗಳಿಗೆ ಬಂಗಾರದ ಬಣ್ಣದ ಪಟ್ಟಿ, ತೀರಿಕೊಂಡವರ ಫೋಟೋಗಳಿಗೆ ಕಪ್ಪು ಪಟ್ಟಿ. ರೇಟು ಎರಡಕ್ಕೂ ಒಂದೇ. ಕಪ್ಪು ಪಟ್ಟಿಯ ಜೊತೆಗೆ ಮಾತ್ರ ಒಂದು ಭಾಷಣ ಉಚಿತ. ಬೇಡವೆಂದರೂ ಉಚಿತ.

ಈ ಭಾಷಣದ ಬಲದಿಂದಲೇ ಅವರು ಚರ್ಚಿನ ಸಾಂತ್ವನ ಮಂಡಳಿಗೆ ಅಧ್ಯಕ್ಷರಾಗಿದ್ದರು. ಮಂಡಳಿಯನ್ನು ಹುಟ್ಟುಹಾಕಿದವರೂ ಅವರೇ ಆದ್ದರಿಂದ ಆಯ್ಕೆಯಲ್ಲಿ ತೊಡಕೇನೂ ಬರಲಿಲ್ಲ. ದರ್ಜಿ ಕಾರ್ಯದರ್ಶಿ. ಸದಸ್ಯರು ಯಾರು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ದುಃಖದಲ್ಲಿದ್ದವರಿಗೆ ಹೇಳುವ ಮಾತನ್ನು ಫ್ರೇಮಿನವರು ತಮ್ಮ ಸರಕಿನ ಹಾಗೆಯೇ ಮೂರು ಅಳತೆಗಳಲ್ಲಿ ಇಟ್ಟುಕೊಂಡಿದ್ದರು: ವಯಸ್ಸಾಗಿ ಹೋದವರಿಗೆ ಚಿಕ್ಕದು, ಕಾಯಿಲೆ ಬಿದ್ದು ಹೋದವರಿಗೆ ಮಧ್ಯಮ, ಅಕಾಲದಲ್ಲಿ ಹೋದವರಿಗೆ ದೊಡ್ಡದು. ಮೂರರಲ್ಲೂ ಒಂದು ಹೂದೋಟ ಬರುತ್ತಿತ್ತು. ತೋಟದ ಯಜಮಾನ ಬೆಳಿಗ್ಗೆ ಎದ್ದು ಬಂದು ತನಗೆ ಎಲ್ಲಕ್ಕಿಂತ ಇಷ್ಟವಾದ ಹೂವನ್ನೇ ಮೊದಲು ಕೀಳುತ್ತಾನೆ. ಹಾಗೆಯೇ ಕರ್ತನು ಕೂಡ. ಇಷ್ಟು ಹೇಳಿ ಕಣ್ಣು ಮುಚ್ಚಿ, ಮನೆಯವರು ಒಪ್ಪಿ ತಲೆ ಅಲ್ಲಾಡಿಸುವವರೆಗೆ ಕಾಯುತ್ತಿದ್ದರು. ತಲೆ ಅಲ್ಲಾಡಿಸದಿದ್ದರೆ ಕಣ್ಣು ತೆರೆಯುತ್ತಿರಲಿಲ್ಲ. ಆದ್ದರಿಂದ ಎಲ್ಲರೂ ಅಲ್ಲಾಡಿಸುತ್ತಿದ್ದರು.

ಅವರು ಜಾರಿಗೆ ತಂದ ಇನ್ನೊಂದು ಪದ್ಧತಿ ‘ಸಮಾಧಾನದ ಸಾಕ್ಷಿ’. ಹೂಳಿದ ಮೇಲೆ ಬರುವ ಮೊದಲ ಭಾನುವಾರ, ಸತ್ತವರಿಗೆ ಅತಿ ಹತ್ತಿರದವರು ಸಭೆಯ ಮುಂದೆ ನಿಂತು, ದೇವರು ತಮ್ಮನ್ನು ಹೇಗೆ ಸಂತೈಸಿದನು ಎಂದು ಹೇಳಬೇಕು. ಅಳಬಾರದು. “ಕಣ್ಣೀರು ಅಂದ್ರೆ ಅಪನಂಬಿಕೆಯ ಸೋರಿಕೆ” ಎಂಬುದು ಅವರ ಸ್ವಂತ ಸೂಕ್ತಿ. ಸೋರುವವರಿಗೆ ಶನಿವಾರ ಅಂಗಡಿಯಲ್ಲೇ ತರಬೇತಿ ನಡೆಯುತ್ತಿತ್ತು. ಪಾದ್ರಿಗಳಿಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ ಅವರು ಮೃದು ಮನುಷ್ಯ. ದೆವ್ವಕ್ಕೆ ಹೆದರುತ್ತಿರಲಿಲ್ಲ, ಅಧ್ಯಕ್ಷರಿಗೆ ಹೆದರುತ್ತಿದ್ದರು.

ಫ್ರೇಮಿನವರ ಹೆಂಡತಿ ಅಂಗಡಿಯ ಹಿಂಭಾಗದಲ್ಲಿ ಕೂತು, ಫ್ರೇಮುಗಳ ಬೆನ್ನಿಗೆ ಕಂದು ಕಾಗದ ಅಂಟಿಸುತ್ತಿದ್ದಳು. ಗಂಡ ಮುಂದೆ ಮಾತಾಡುತ್ತಿದ್ದರೆ ಇವಳು ಹಿಂದೆ ಗೋಂದು ಕಲೆಸುತ್ತಿದ್ದಳು. ಎರಡರಲ್ಲಿ ಯಾವುದು ಹೆಚ್ಚು ಅಂಟುತ್ತಿತ್ತೆಂದು ಗಿರಾಕಿಗಳನ್ನೇ ಕೇಳಬೇಕು. ಒಂದು ಬೆಳಿಗ್ಗೆ ಹಾಗೆ ಕಲೆಸುತ್ತಿದ್ದವಳು ಕೈ ನಿಲ್ಲಿಸಿ, “ರೀ, ಎದೆ ಯಾಕೋ ಹಿಡ್ಕೊಂಡಂಗಿದೆ” ಎಂದಳು.

“ಗ್ಯಾಸು” ಎಂದರು ಫ್ರೇಮಿನವರು, ಗಾಜಿನಿಂದ ತಲೆ ಎತ್ತದೆ.

ಅವರು ಜೀವಮಾನದಲ್ಲಿ ಮಾಡಿದ ಅತಿ ಚಿಕ್ಕ ಭಾಷಣ ಅದು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಇರಲಿಲ್ಲ.

ಹೂಳುವ ದಿನ ಫ್ರೇಮಿನವರು ಅಳಲಿಲ್ಲ. ಕುರ್ಚಿಗಳ ಸಾಲು ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಿಸಿದರು. ಪೆಟ್ಟಿಗೆ ಹೊತ್ತವರಿಗೆ “ಎಡಕ್ಕೆ, ಸ್ವಲ್ಪ ಎಡಕ್ಕೆ” ಎಂದು ದಾರಿ ತೋರಿಸಿದರು. ನೋಡಿದವರು “ನಂಬಿಕೆ ಅಂದ್ರೆ ಇದಪ್ಪ!” ಎಂದರು. ಹತ್ತಿರದಿಂದ ನೋಡಿದ ಮಗಳಿಗೆ ಮಾತ್ರ ಹಾಗನ್ನಿಸಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳಿಗೆ, ಮೇಲೆ ತಿಳಿಯಾಗಿ ಕಂಡದ್ದೆಲ್ಲ ಒಳಗೂ ತಿಳಿಯಾಗಿರುವುದಿಲ್ಲ ಎಂಬುದು ದಿನನಿತ್ಯದ ಅನುಭವ.

ಆಮೇಲೆ ಸಾಂತ್ವನ ಹೇಳುವವರು ಬರತೊಡಗಿದರು. ಇಲ್ಲಿ ಒಂದು ತೊಂದರೆಯಾಯಿತು. ಊರಿನಲ್ಲಿ ಸಾಂತ್ವನದ ಮಾತೆಂದರೆ ಇದ್ದದ್ದು ಒಂದೇ, ಅದನ್ನು ಎಲ್ಲರಿಗೂ ಕಲಿಸಿದವರು ಫ್ರೇಮಿನವರೇ. ಹೀಗಾಗಿ ಬಂದವರೆಲ್ಲ ಅವರ ಸರಕನ್ನು ಅವರಿಗೇ ತಂದು ಸುರಿದರು. ಹಾಲಿನವಳು ಹೂದೋಟ ಹೇಳಿದಳು. ಬ್ಯಾಂಕಿನ ಮ್ಯಾನೇಜರು ಹೂದೋಟ ಹೇಳಿದರು. ಕಾರ್ಯದರ್ಶಿ ದರ್ಜಿ, ಅಳತೆ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆಯುವುದನ್ನೂ ಮರೆತು ಓಡಿಬಂದವನು, ದೊಡ್ಡ ಅಳತೆಯ ಭಾಷಣವನ್ನೇ ಶುರು ಮಾಡಿ ನಡುವೆ ತಡವರಿಸಿದ.

“ಹಂಗಾಗಿ... ಕರ್ತನು... ಅದೇ, ನಮ್ಮ ಕಣ್ಣಿಗೆ ಕಾಣದಿರೋ...”

“ಅಲ್ಲ, ಅಲ್ಲ” ಎಂದರು ಫ್ರೇಮಿನವರು, ಸಾವಿನ ಮನೆಯಲ್ಲೇ ಕೂತು. “ಅದಕ್ಕೆ ಮುಂಚೆ ಹೂವಿನ ಸುವಾಸನೆ ಬರ್ಬೇಕು. ಆಮೇಲೆ ಕಣ್ಣಿಗೆ ಕಾಣದಿರೋದು.”

“ಹೌದಲ್ವಾ ಸಾರ್! ಸುವಾಸನೆ ಬಿಟ್ಟೇಬಿಟ್ಟೆ.”

“ಮೊದಲಿಂದ ಹೇಳು.”

ದರ್ಜಿ ಮೊದಲಿನಿಂದ ಹೇಳಿದ. ಮುಗಿಸಿ ಕಣ್ಣು ಮುಚ್ಚಿ ಕಾದ. ಫ್ರೇಮಿನವರು ತಲೆ ಅಲ್ಲಾಡಿಸಿದರು. ಆ ಕ್ಷಣದಲ್ಲಿ ಅವರಿಗೆ ಒಂದು ವಿಷಯ ಹೊಳೆಯಿತು: ಇಷ್ಟು ವರ್ಷ ಜನ ತಲೆ ಅಲ್ಲಾಡಿಸುತ್ತಿದ್ದುದು ಬಹುಶಃ ಇದೇ ಕಾರಣಕ್ಕೆ, ಎದುರಿಗಿರುವವನು ಎದ್ದು ಹೋಗಲಿ ಎಂದು.

ಸಂಜೆ ಮಗಳು ಚಹಾ ತಂದಿಟ್ಟು ಎದುರಿಗೆ ಕೂತಳು.

“ಅಪ್ಪ, ಒಂದ್ಸಲ ಅತ್ತುಬಿಡಿ.”

“ಅಧ್ಯಕ್ಷನೇ ಅತ್ತರೆ ಮಂಡಳಿ ಮರ್ಯಾದೆ ಏನಾಗ್ಬೇಕು?”

“ಅಮ್ಮ ಮಂಡಳೀನ ಕಟ್ಕೊಂಡಿರಲಿಲ್ಲ ಅಪ್ಪ. ನಿಮ್ಮನ್ನ ಕಟ್ಕೊಂಡಿದ್ಳು.”

ಫ್ರೇಮಿನವರು ಚಹಾದೊಳಕ್ಕೆ ನೋಡುತ್ತ ಕೂತರು. ಮಗಳಿಗೆ ಹೇಳಲಾಗದ ಸಂಗತಿಯೊಂದಿತ್ತು. ಅಳುವುದಿರಲಿ, ಅವರಿಂದ ಪ್ರಾರ್ಥನೆಯೂ ಆಗುತ್ತಿರಲಿಲ್ಲ. ‘ಕರ್ತನೇ’ ಎಂದು ಬಾಯಿ ತೆರೆದರೆ ‘ಗ್ಯಾಸು’ ಎಂಬ ಮಾತು ಅಡ್ಡ ಬಂದು ನಿಲ್ಲುತ್ತಿತ್ತು. ಸತ್ತವರು ಎದ್ದೇಳುತ್ತಾರೆ, ನಮ್ಮವರನ್ನು ನಾವು ಮತ್ತೆ ಕಾಣುತ್ತೇವೆ ಎಂದು ಅವರು ಊರಿಗೆಲ್ಲ ಹಂಚಿದ್ದರು. ಈಗ ತಮಗೆ ಬೇಕಾದಾಗ ಡಬ್ಬಿ ಬಡಿದು ನೋಡಿದರೆ ಒಳಗೆ ಸದ್ದೇ ಇಲ್ಲ. ಇದನ್ನು ತಾನು ನಿಜವಾಗಿ ನಂಬಿದ್ದೆನೋ, ಚೆನ್ನಾಗಿ ಹೇಳುತ್ತಿದ್ದೆನೋ? ಭಾನುವಾರ ಸಭೆಯ ಮುಂದೆ ನಿಲ್ಲಬೇಕು. ನಂಬಿಕೆ ಇಲ್ಲದೆ ನಿಂತರೆ ಸುಳ್ಳುಗಾರ. ನಿಲ್ಲದಿದ್ದರೆ ಹೆಂಡತಿ ಮಣ್ಣಿನಲ್ಲಿ ಮಣ್ಣಾದಳು, ಅಷ್ಟೇ, ಎಂದು ಒಪ್ಪಿಕೊಂಡ ಹಾಗೆ. ಎರಡನೆಯದನ್ನು ನೆನೆದರೆ ಕುರ್ಚಿಯ ಕೆಳಗಿನ ನೆಲವೇ ಜಾರುತ್ತಿತ್ತು.

ಶನಿವಾರ ಅಂಗಡಿ ತೆರೆದು ಅವಳ ಫೋಟೋಗೆ ಕಪ್ಪು ಪಟ್ಟಿ ಕತ್ತರಿಸಲು ಕೂತರು. ಮೂಲೆ ಕೂಡಲಿಲ್ಲ. ಮತ್ತೊಂದು ಕತ್ತರಿಸಿದರು, ಅದೂ ಬಾಯಿ ಬಿಟ್ಟುಕೊಂಡು ನಿಂತಿತು. ಊರಿನ ಅರ್ಧ ಗೋಡೆಗಳಿಗೆ ಮೂಲೆ ಕೂಡಿಸಿದ ಕೈ! ಸಿಟ್ಟು ಬಂದು ಗರಗಸ ಪಕ್ಕಕ್ಕಿಟ್ಟು, ಕನ್ನಡಿಯ ಮುಂದೆ ನಿಂತು ಸಾಕ್ಷಿಯ ಅಭ್ಯಾಸ ಶುರು ಮಾಡಿದರು. “ಪ್ರಿಯ ಸಭೆಯವರೇ, ತೋಟದ ಯಜಮಾನನು...”

ಆಗ ಬೀಗದವನು ಬಂದ.

ಬೀಗ ರಿಪೇರಿ ಮಾಡುವ ಈತನದು ಅದೇ ಬೀದಿಯ ತುದಿಯಲ್ಲಿ ಗೂಡಂಗಡಿ. ಕೆಲವು ವರ್ಷಗಳ ಹಿಂದೆ ಅವನ ಪುಟ್ಟ ಮಗಳು ಜ್ವರದಲ್ಲಿ ತೀರಿಕೊಂಡಿದ್ದಳು. ಫ್ರೇಮಿನವರು ದೊಡ್ಡ ಅಳತೆಯ ಭಾಷಣ ಮಾಡಿ, ಅವನಿಗೆ ಇದೇ ಕನ್ನಡಿಯ ಮುಂದೆ ತರಬೇತಿ ಕೊಟ್ಟು, ಭಾನುವಾರ ನಿಲ್ಲಿಸಿದ್ದರು. ಒಂದು ಹನಿ ಸೋರದೆ ಸಾಕ್ಷಿ ಹೇಳಿದ್ದ. ಮಂಡಳಿಯ ಅತ್ಯುತ್ತಮ ಫಲಿತಾಂಶ ಎಂದು ಅವನ ಹೆಸರು ಆಗಾಗ ಬರುತ್ತಿತ್ತು.

ಬೀಗದವನು ಸ್ಟೂಲ್ ಎಳೆದುಕೊಂಡು ಕೂತ. ಕೂತೇ ಇದ್ದ. ಫ್ರೇಮಿನವರು ಹೂದೋಟಕ್ಕಾಗಿ ಸಿದ್ಧರಾಗಿ ಕಾದರು. ಹೂದೋಟ ಬರಲಿಲ್ಲ.

“ಏನಾದ್ರೂ ಹೇಳಯ್ಯ” ಎಂದರು ಕೊನೆಗೆ.

“ಏನೂ ಹೊಳೀತಿಲ್ಲ ಸಾರ್.”

“ಮತ್ಯಾಕೆ ಬಂದೆ?”

“ಒಬ್ರೇ ಇರ್ತೀರೇನೋ ಅಂತ.”

ಫ್ರೇಮಿನವರಿಗೆ ಇದನ್ನು ಯಾವ ಅಳತೆಗೆ ಸೇರಿಸಬೇಕೆಂದು ತಿಳಿಯಲಿಲ್ಲ. ಪಟ್ಟಿಯ ತುಂಡುಗಳನ್ನು ಆಚೆ ಈಚೆ ಸರಿಸಿ ಕೇಳಿದರು: “ನಿಜ ಹೇಳು. ಮಗು ಹೋದಾಗ ನಾನು ಬಂದು ಮಾತಾಡಿದ್ನಲ್ಲ. ಸಮಾಧಾನ ಆಯ್ತಾ?”

“ಇಲ್ಲ ಸಾರ್.”

“ಸ್ವಲ್ಪಾನೂ?”

“ನೀವು ಎದ್ದು ಹೊರಟಾಗ ಸ್ವಲ್ಪ ಆಯ್ತು.”

ಫ್ರೇಮಿನವರ ಬಾಯಿಂದ ಹೊರಟದ್ದು ನಗುವೋ ಕೆಮ್ಮೋ ತಿಳಿಯಲಿಲ್ಲ. ಆದರೆ ಅದರ ಹಿಂದೆಯೇ, ಬಾಗಿಲು ತೆರೆದದ್ದೇ ತಡ ಎಂಬಂತೆ, ಇನ್ನೊಂದು ಮಾತು ನುಗ್ಗಿ ಬಂತು. “ಅವಳು ಎದೆ ಹಿಡ್ಕೊಂಡಿದೆ ಅಂದ್ಳು ಕಣಯ್ಯ. ನಾನು ಗ್ಯಾಸು ಅಂದೆ. ತಲೆ ಎತ್ತಿ ಮುಖಾನೂ ನೋಡ್ಲಿಲ್ಲ.”

ಬೀಗದವನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. “ನಾನು ‘ಜ್ವರ ತಾನೇ, ನಾಳೆ ಹೋದ್ರಾಯ್ತು’ ಅಂದಿದ್ದೆ ಸಾರ್.”

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

“ಮತ್ತೆ ನೀನು ಹೆಂಗೆ ಚರ್ಚಿಗೆ ಬರ್ತೀಯ? ಏನಂತ ಪ್ರಾರ್ಥನೆ ಮಾಡ್ತೀಯ?”

“ಮೊದಮೊದಲು ಜಗಳ ಆಡ್ತಿದ್ದೆ. ನೀವು ಕಲಿಸಿದ ದೇವರ ಹತ್ರ ಜಗಳ ಆಡಕ್ಕೂ ಆಗ್ತಿರಲಿಲ್ಲ, ಅವನು ಬರೀ ಹೂ ಕೀಳ್ತಾ ಇರ್ತಿದ್ದ. ಆಮೇಲೆ ಒಂದಿನ ಪಾದ್ರಿಗಳು ಓದಿದ್ರು. ಯೇಸು ಗೆಳೆಯನ ಸಮಾಧಿ ಹತ್ರ ಹೋಗಿ ಅತ್ತ ಅಂತ. ಎಷ್ಟೋ ಸಲ ಕೇಳಿದ್ದೇ. ಆವತ್ತು ತಟ್ಟಿತು. ಇನ್ನೊಂದು ಗಳಿಗೆಗೆ ಅವನನ್ನ ಬದುಕಿಸಿ ಎಬ್ಬಿಸ್ತೀನಿ ಅಂತ ಗೊತ್ತು, ಆದ್ರೂ ಅತ್ತಿದಾನೆ ಸಾರ್!” ಬೀಗದವನು ಮೂಗು ಒರೆಸಿಕೊಂಡ. “ಯೇಸು ನಿಮ್ಮ ಮಂಡಳಿಗೆ ಅರ್ಜಿ ಹಾಕಿದ್ರೆ ನೀವು ಅವನನ್ನ ಸೇರಿಸ್ಕೊಳ್ತಿರಲಿಲ್ಲ, ಸೋರ್ತಾನೆ ಅಂತ.”

ಅಧ್ಯಕ್ಷರು ಕನ್ನಡಿಗೆ ಬೆನ್ನು ಮಾಡಿ ಕೂತರು.

“ಆವತ್ತು ಮನೆಗೆ ಹೋಗಿ ಚೆನ್ನಾಗಿ ಅತ್ತೆ. ಅತ್ತ ಮೇಲೆ ಪ್ರಾರ್ಥನೆ ತಾನಾಗೇ ಬಂತು. ಮಗೂನ ಮತ್ತೆ ನೋಡ್ತೀನಿ ಸಾರ್, ಅದರಲ್ಲಿ ನಂಗೆ ಅನುಮಾನ ಇಲ್ಲ. ಅಲ್ಲೀತನಕ ಅಳು ಬಂದಾಗ ಅಳ್ತೀನಿ. ಎರಡೂ ಜೊತೆಗೇ ಇರುತ್ವೆ, ಒಂದನ್ನೊಂದು ಹೊರಗೆ ಹಾಕಲ್ಲ.” ಎದ್ದು ನಿಂತು ಬಾಯಿ ಬಿಟ್ಟಿದ್ದ ಮೂಲೆಯನ್ನು ನೋಡಿ, “ಇದನ್ನ ಇವತ್ತೇ ಮಾಡ್ಲೇಬೇಕಾ?” ಎಂದು ಕೇಳಿ ಹೋದ.

ಮಾಡಲೇಬೇಕಿರಲಿಲ್ಲ. ಫ್ರೇಮಿನವರು ಬಾಗಿಲು ಎಳೆದುಕೊಂಡು ಮನೆಗೆ ನಡೆದರು.

ಭಾನುವಾರ ಚರ್ಚು ತುಂಬಿತ್ತು. ಅಧ್ಯಕ್ಷರ ಸ್ವಂತ ಸಾಕ್ಷಿ ಎಂದರೆ ಸಾಮಾನ್ಯವೇ? ಜನ ಅಡುಗೆ ಪುಸ್ತಕ ಬರೆದವರ ಮನೆಗೆ ಊಟಕ್ಕೆ ಬಂದಂತೆ ಬಂದಿದ್ದರು. ದರ್ಜಿ ಮುಂದಿನ ಸಾಲಿನಲ್ಲಿ, ಹೂದೋಟ ಬಂದ ಕೂಡಲೇ ‘ಆಮೆನ್’ ಎನ್ನಲು ತುಟಿ ಸರಿಮಾಡಿಕೊಂಡು ಕೂತಿದ್ದ.

ಫ್ರೇಮಿನವರು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು.

“ಪ್ರಿಯ ಸಭೆಯವರೇ. ತೋಟದ ಯಜಮಾನನು ತನಗೆ ಎಲ್ಲಕ್ಕಿಂತ ಇಷ್ಟವಾದ ಹೂವನ್ನೇ ಮೊದಲು...”

“ಆಮೆನ್!” ಎಂದ ದರ್ಜಿ.

“ಇರಯ್ಯ” ಎಂದರು ಫ್ರೇಮಿನವರು. “ಈ ಮಾತನ್ನ ನಾನು ಮೊದಲನೇ ಸಲ ಮನೇಲಿ ಹೇಳಿದಾಗ ಅವಳು ಏನಂದ್ಳು ಗೊತ್ತಾ? ‘ಹಂಗಾದ್ರೆ ಇನ್ನೂ ತೋಟದಲ್ಲೇ ಇರೋ ನೀವು ಕಳೇನಾ?’ ಅಂದ್ಳು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ದಾಟಿ ಪಾದ್ರಿಗಳವರೆಗೂ ಬಂತು. ಪಾದ್ರಿಗಳು ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಫ್ರೇಮಿನವರೂ ನಕ್ಕರು, ನಗುತ್ತ ನಗುತ್ತಲೇ ಮುಖ ಬೇರೆಯಾಯಿತು. ಅಧ್ಯಕ್ಷರು ಸೋರತೊಡಗಿದರು. ಸೋರಿಕೆ ಎಂದರೆ ಮಾತು ಸಾಲದು, ಮಾಳಿಗೆಯ ಟ್ಯಾಂಕೇ ಒಡೆದಿತ್ತು.

“ನಂಗೆ ಸಮಾಧಾನ ಆಗಿಲ್ಲ” ಎಂದರು, ಉಸಿರು ಸಿಕ್ಕಿದಾಗ. “ದೇವರು ಹೂ ಕಿತ್ಕೊಂಡ ಅಂತಾನೂ ನಂಗೆ ಅನ್ನಿಸ್ತಿಲ್ಲ. ಅವನೂ ಇಲ್ಲೇ ಎಲ್ಲೋ ಪಕ್ಕದಲ್ಲಿ ಕೂತು ಅಳ್ತಿದಾನೆ ಅನ್ನಿಸುತ್ತೆ. ಅವಳು ಹೋದ ಮೇಲೆ ಮೊದಲನೇ ಸಲ ನಿನ್ನೆ ಸಂಜೆ ಪ್ರಾರ್ಥನೆ ಮಾಡ್ದೆ. ಚೆನ್ನಾಗಿರಲಿಲ್ಲ, ನಡುವೆ ನಡುವೆ ಬರೀ ಅಳು. ಆದ್ರೆ ಕೇಳಿಸ್ಕೊಂಡ. ಕೇಳಿಸ್ಕೊಂಡ ಅಂತ ಹೆಂಗೆ ಗೊತ್ತು ಅಂದ್ರೆ, ನಂಗೆ ಗೊತ್ತಿಲ್ಲ.” ಅಂಗೈಯಿಂದ ಮುಖ ಒರೆಸಿಕೊಂಡರು. “ಸಮಾಧಿಯಿಂದ ಎದ್ದು ಬಂದವನು ಅವಳನ್ನೂ ಎಬ್ಬಿಸ್ತಾನೆ. ಇದನ್ನ ಮಾತ್ರ ನಾನು ನಂಬ್ತೀನಿ. ನಿಮಗೆ ಹೇಳಕ್ಕೋಸ್ಕರ ಅಲ್ಲ, ಈಗ ನಿಜವಾಗ್ಲೂ. ನೋಡಿದ ತಕ್ಷಣ ಅವಳು ಮೊದಲು ಆ ಗ್ಯಾಸಿನ ವಿಷಯ ಎತ್ತುತಾಳೆ. ಎತ್ಲಿ. ಕೇಳ್ಕೊಂಡು ನಿಂತಿರ್ತೀನಿ. ಈ ಸಲ ಮುಖ ನೋಡ್ತೀನಿ.”

ಕೂತರು. ಮಗಳು ಅವರ ತೋಳಿಗೆ ಹಣೆ ಒತ್ತಿಕೊಂಡಳು. ಆಮೆನ್ ಎನ್ನಬೇಕಾದ ಜಾಗ ಯಾವುದೆಂದು ದರ್ಜಿಗೆ ಗೊತ್ತಾಗಲಿಲ್ಲ. ಎಲ್ಲಕ್ಕಿಂತ ಹಿಂದಿನ ಸಾಲಿನಿಂದ ಬೀಗದವನು ಅದನ್ನು ಹೇಳಿದ.

ಮಂಡಳಿಗಳ ಆಯುಸ್ಸು ದುಃಖಕ್ಕಿಂತ ಗಟ್ಟಿ. ಆರಾಧನೆ ಮುಗಿದು ಹೊರಗೆ ಬರುವಷ್ಟರಲ್ಲೇ ಅಂಗಳದಲ್ಲಿ ಚರ್ಚೆ ಆರಂಭವಾಗಿತ್ತು: ಇನ್ನು ಮುಂದೆ ಸಾಕ್ಷಿಯಲ್ಲಿ ಅಳಬಹುದೇ, ಅಳಬಹುದಾದರೆ ಎಷ್ಟು, ಇದಕ್ಕೊಂದು ಉಪಸಮಿತಿ ಬೇಕಲ್ಲವೇ ಎಂದು ಬ್ಯಾಂಕಿನ ಮ್ಯಾನೇಜರು ಕೇಳುತ್ತಿದ್ದರು. ಅಧ್ಯಕ್ಷತೆಗೆ ತಾವು ಸಿದ್ಧ ಎಂದೂ ಸೂಚಿಸಿದರು.

ಫ್ರೇಮಿನವರ ಕಣ್ಣು ಅತ್ತ ಇರಲಿಲ್ಲ. ಕಾಂಪೌಂಡಿನ ಗೋಡೆಯ ಪಕ್ಕದ ಬೆಂಚಿನ ಮೇಲೆ ದರ್ಜಿ ಕೂತಿದ್ದ, ಭುಜ ಅಲುಗುತ್ತಿತ್ತು. ಹೋದ ವರ್ಷ ಅವನ ಅಣ್ಣ ತೀರಿಕೊಂಡಾಗ ಕಾರ್ಯದರ್ಶಿಯೆಂಬ ಜವಾಬ್ದಾರಿಯಿಂದ ಅವನು ಕಣ್ಣನ್ನೂ ಒದ್ದೆ ಮಾಡಿಕೊಂಡಿರಲಿಲ್ಲ.

ಫ್ರೇಮಿನವರು ಹೋಗಿ ಅವನ ಪಕ್ಕ ಕೂತರು. ಅಭ್ಯಾಸಬಲದಿಂದ ಬಾಯಿ ತೆರೆದರು. ಹಾಗೆಯೇ ಮುಚ್ಚಿದರು. ಆ ಚರ್ಚಿನ ಚರಿತ್ರೆಯಲ್ಲಿ ಪವಾಡ ಎನ್ನಬಹುದಾದದ್ದು ಏನಾದರೂ ನಡೆದಿದ್ದರೆ ಅದು ಇದೇ.

ತುಂಬ ಹೊತ್ತಿನ ಮೇಲೆ ದರ್ಜಿ ಕೇಳಿದ, “ಸಾರ್, ಕರ್ಚೀಫ್ ಇದೆಯಾ?”

“ಇದೆ. ಪೂರ್ತಿ ಒದ್ದೆ.”

“ಪರವಾಗಿಲ್ಲ, ಕೊಡಿ.”