ಅಳಿಸಿದ ಮೂರು ಪಾಲು

ಮೇಡಂ ಅವಸರದಲ್ಲಿ ಉಣ್ಣುತ್ತಿದ್ದರು. ತೆಂಗಿನ ಸಾಲಿನ ಹಿಂದೆ ಸೂರ್ಯ ಇಳಿಯುತ್ತಿರುವಾಗ ನಮ್ಮ ಹಾಲಿನ ಡೇರಿಯ ಸಿಮೆಂಟು ಕಟ್ಟೆಯ ಮೇಲೆ ಕೂತು, ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಬೆಳಕು ನೋಡುತ್ತ ತುತ್ತು ನುಂಗುವರು. ಅವರು ಜೈನರು, ಹೊತ್ತು ಮುಳುಗಿದ ಮೇಲೆ ಊಟ ಮಾಡುತ್ತಿರಲಿಲ್ಲ. ಅವರ ಬಗ್ಗೆ ಬರೆಯಲು ಕೂತಾಗಲೆಲ್ಲ ಇಷ್ಟನ್ನು ಬರೆದು ಎದ್ದುಬಿಡುತ್ತಿದ್ದೆ. ಮುಂದಿನದನ್ನು ಹೇಳುವುದನ್ನು ವರ್ಷಗಟ್ಟಲೆ ಮುಂದೂಡಿದ್ದೇನೆ. ಇನ್ನು ಮುಂದೂಡುವ ವಯಸ್ಸು ನನ್ನದಲ್ಲ.

ಅವರು ಹಾಸನದಲ್ಲಿ ರೈತರಿಗೆ ಹವಾಮಾನದ ಸಲಹೆ ಕೊಡುವ ಕೆಲಸದಲ್ಲಿದ್ದರು. ಹುಟ್ಟೂರು ಚನ್ನರಾಯಪಟ್ಟಣದ ಕಡೆ. ತಂದೆಯದು ಬಟ್ಟೆ ಅಂಗಡಿ. ನಮ್ಮದು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದವನು, ಡೇರಿಯ ಸೆಕ್ರೆಟರಿ. ಹಾಲಿನ ದರ ಬರೆಯುವ ಕರಿ ಹಲಗೆಯ ಕೆಳಗಿನ ಅರ್ಧವನ್ನು ಮೇಡಂ ಕೇಳಿ ಪಡೆದಿದ್ದರು. ವಾರಕ್ಕೆರಡು ಸಲ ನನ್ನ ಫೋನಿಗೆ ನಾಲ್ಕು ಸಾಲು ಕಳಿಸುವರು. ಅದನ್ನು ನಾನು ಹಲಗೆಯ ಮೇಲೆ ಬರೆಯಬೇಕು, ಓದು ಬಾರದವರಿಗೆ ಬಾಯಲ್ಲಿ ಹೇಳಬೇಕು. ಆಗಾಗ ಕೊಣನೂರು ಬಸ್ಸಿನಲ್ಲಿ ತಾವೇ ಬರುವರು.

ಬಂದವರು ಮೊದಲಿಗೇ ಮಳೆಯ ಮಾತು ಎತ್ತುತ್ತಿರಲಿಲ್ಲ. "ಈ ವಾರ ಕೈಯಲ್ಲಿ ಯಾವ ಕೆಲಸ ಇದೆ? ಯಾವುದನ್ನ ಮಾಡೋದೋ ಬಿಡೋದೋ ಅಂತ ಕೂತಿದೀರಿ?" ಎಂದು ಒಬ್ಬೊಬ್ಬರನ್ನೇ ಕೇಳುವರು. ಒಬ್ಬನಿಗೆ ಬಿತ್ತನೆ ಗೆಡ್ಡೆ ಹೋಳು ಮಾಡುವುದೋ ಬೇಡವೋ ಎಂಬ ಯೋಚನೆ, ಇನ್ನೊಬ್ಬನಿಗೆ ಮೇಲುಗೊಬ್ಬರದ್ದು. ಆ ಕೆಲಸಕ್ಕೆ ಬೇಕಾದಷ್ಟೇ ಮಾತು ಅವರಿಂದ ಬರುತ್ತಿತ್ತು. ಒಮ್ಮೆ ಕಚೇರಿಯಿಂದ ತಂದಿದ್ದ ಹಾಳೆಯಲ್ಲಿ ಗಾಳಿಯ ಒತ್ತಡದ ಅಂಕಿ ಇತ್ತು. "ಇದನ್ನ ತಗೊಂಡು ಇವರೇನು ಸಾರಿಗೆ ಹಾಕ್ತಾರಾ?" ಎಂದು ಪೆನ್ನಿನಿಂದ ಹೊಡೆದುಹಾಕಿದರು.

ನೆಲದೊಳಗಿನಿಂದ ಕಿತ್ತ ಗೆಡ್ಡೆಯನ್ನು ಅವರ ಮನೆಯಲ್ಲಿ ತಿನ್ನುವುದಿಲ್ಲ. ನಮ್ಮೂರಿನವರು ಕೇಳುವುದೆಲ್ಲ ಆಲೂಗೆಡ್ಡೆಯದೇ.

"ಬಾಯಿಗೇ ಇಕ್ದಿರೋ ಆಲೂಗಡ್ಡೆ ಮ್ಯಾಲೆ ಎಷ್ಟು ಪಿರೂತಿ ನೋಡ್ಲಾ ಮೇಡಮ್ಮಂಗೆ!" ಎಂದು ಕ್ಯಾನು ಎತ್ತುವವನು ಅವರ ಎದುರೇ ಹೇಳಿದ್ದ.

"ತಿಂದಿದ್ದರೆ ಇಷ್ಟು ಹೊತ್ತಿಗೆ ಬೇಜಾರಾಗ್ತಿತ್ತು" ಎಂದು ಮೇಡಂ ನಕ್ಕಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರು ನಗುತ್ತಿರಲಿಲ್ಲ. ಮಳೆ ಬರುತ್ತದೆ ಎಂದು ಬರಿದೇ ಹೇಳುವವರಲ್ಲ ಅವರು. ಇಂಥ ಮೋಡ ಹತ್ತು ಸಲ ಕಟ್ಟಿದರೆ ಏಳು ಸಲ ಮಳೆ, ಮೂರು ಸಲ ಇಲ್ಲ ಎಂಬಂತೆ ಪಾಲು ಮಾಡಿ ಹೇಳುವರು. ನಾನು ಹಲಗೆಯ ಮೇಲೆ ಬರೀ "ಮಳೆ ಬರುತ್ತೆ" ಎಂದು ಬರೆದಿದ್ದನ್ನು ಒಮ್ಮೆ ನೋಡಿ ತಾವೇ ಸೀಮೆಸುಣ್ಣ ತೆಗೆದುಕೊಂಡು ತಿದ್ದಿದರು. "ಮೂರನ್ನ ಅಳಿಸಬೇಡಿ ಸೆಕ್ರೆಟರಿಯವರೇ. ಆ ಮೂರೂ ನಾನು ಹೇಳಿದ್ದೇ."

ಹೂಂ ಎಂದೆ. ಅವರ ಬಸ್ಸು ಹೋದ ಮೇಲೆ ಮತ್ತೆ ಅಳಿಸಿದೆ. ಪಾಲಿನ ಲೆಕ್ಕ ಹೇಳಿದರೆ "ಬತ್ತದೋ ಇಲ್ವೋ ಒಂದೇ ಮಾತ್ನಾಗೆ ಏಳಪ್ಪಾ" ಎಂದು ಜನ ರೇಗುತ್ತಾರೆ ಎಂಬುದು ಒಂದು ಕಾರಣ. ನಿಜವಾದ ಕಾರಣ ಬೇರೆ. ನಾನು ಒಂದೇ ಮಾತಿನಲ್ಲಿ ಬರೆದದ್ದು ಆ ವರ್ಷ ನಾಲ್ಕಾರು ಸಲ ನಿಜವಾಗಿ, ಊರಿನವರು ನನ್ನನ್ನು ಮಳೆ ಸೆಕ್ರೆಟರಿ ಎನ್ನತೊಡಗಿದ್ದರು. ಹಳ್ಳಿಮೈಸೂರಿನಿಂದ ಬಂದ ನೆಂಟರೂ ನನ್ನನ್ನು ಕೇಳಿ ಹೋಗುತ್ತಿದ್ದರು. ಅದು ನನಗೆ ರುಚಿಸಿತ್ತು.

ಮರು ವರ್ಷ ಆಲೂಗೆಡ್ಡೆ ಗಿಡ ಮೊಣಕಾಲುದ್ದ ಬಂದಿದ್ದಾಗ ಮೇಡಂ ಹೀಗೆ ಕಳಿಸಿದರು: ಹತ್ತರಲ್ಲಿ ಏಳು ಪಾಲು ಬಿಸಿಲು, ಮೂರು ಪಾಲು ಸೋನೆ ಮಳೆ, ದಿಬ್ಬದ ಹೊಲದವರು ಕಾಯಬಹುದು, ತಗ್ಗಿನವರು ಕಾಯದೆ ಅಂಗಮಾರಿ ರೋಗಕ್ಕೆ ಔಷಧಿ ಹೊಡೆಯಲಿ. ನಾನು ಬರೆದದ್ದು: "ಬಿಸಿಲು. ಔಷಧಿ ಬೇಡ."

ನನ್ನ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ, ಹಾಲು ಹಾಕಲು ಬಂದವರು ಹಲಗೆಯ ಕಡೆ ನೋಡಿ ನನ್ನ ಕಡೆ ನೋಡಿದರು. ಅವರ ಹೊಲ ಕಾಲುವೆಯ ಪಕ್ಕ, ತಗ್ಗಿನಲ್ಲಿ.

"ಔಸ್ದಿ ತಂದು ಮಡಗಿವ್ನಿ ಕಣಪ್ಪಾ. ಒಡಿಸ್ಲಾ, ಬ್ಯಾಡ್ವಾ?"

"ಬ್ಯಾಡಿ ಅತ್ಗೆ, ಬಿಸ್ಲು ಬತ್ತದೆ. ಸುಮ್ನೆ ಯಾಕೆ ದಂಡ?"

ಬಂದದ್ದು ಆ ಮೂರು ಪಾಲು. ಸೋನೆ ಹಿಡಿದು ಬಿಡಲಿಲ್ಲ. ದಿಬ್ಬದವರು ಮಳೆಯ ಬಿಡುವಿನಲ್ಲಿ ಔಷಧಿ ಹೊಡೆದು ಹೇಗೋ ಉಳಿಸಿಕೊಂಡರು. ತಗ್ಗಿನ ಹೊಲಗಳಲ್ಲಿ ಎಲೆ ಸುಟ್ಟಂತೆ ಕಪ್ಪಾಗಿ ಕೊಳೆಯಿತು.

ಮೇಡಂ ಬಸ್ಸಿಳಿದಾಗ ಜನ ಡೇರಿಯ ಮುಂದೆ ಕಾದಿದ್ದರು.

"ಬಿಸ್ಲು ಅಂದ್ರಲ್ಲ, ಎಲ್ಲೈತೆ ತೋರ್ಸಿ ಮೇಡಂ!"

"ತಿನ್ನೋರಿಗಲ್ವಾ ಗೆಡ್ಡೆ ನೋವು ಗೊತ್ತಾಗೋದು!"

ಮೇಡಂ ಹಲಗೆಯ ಮೇಲೆ ಇನ್ನೂ ಹಾಗೇ ಇದ್ದ ನನ್ನ ಸಾಲು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಯಾರೂ ಕೇಳುವ ಮೊದಲೇ ನಾನು ಗಟ್ಟಿಯಾಗಿ, "ಮೇಡಂ ಕಳಿಸಿದ್ನೇ ಬರ್ದಿವ್ನಿ, ಒಂದಕ್ಸರ ಆಚೀಚೆ ಮಾಡಿಲ್ಲ" ಎಂದೆ.

ಫೋನು ಅವರ ಕೈಯಲ್ಲೇ ಇತ್ತು. ತೆರೆದು ತೋರಿಸಿದ್ದರೆ ಮುಗಿಯುತ್ತಿತ್ತು. "ಬಿಸಿಲಿನ ಪಾಲೇ ಹೆಚ್ಚು ಅಂತ ನಾನೇ ಹೇಳಿದ್ದು" ಎಂದರು. "ತಗ್ಗಿನ ಹೊಲ ಯಾರದ್ದು? ಮೊದಲು ಅಲ್ಲಿಗೆ ಹೋಗೋಣ ನಡೀರಿ."

ಸೀರೆ ಎತ್ತಿ ಸಿಕ್ಕಿಸಿಕೊಂಡು ಅತ್ತಿಗೆಯ ಹೊಲದ ಕೆಸರಿಗೆ ಇಳಿದರು. ಒಂದು ಎಲೆ ಮಗುಚಿ ಅಡಿಯ ಬಿಳಿ ಬೂಷ್ಟು ನೋಡಿದರು, ಮೂಸಿದರು. ಗಿಡದ ಸೊಪ್ಪನ್ನೆಲ್ಲ ಕೊಯ್ದು ಹೊರಗೆ ಹಾಕಿ, ಮಣ್ಣು ಒಣಗುವವರೆಗೆ ಗೆಡ್ಡೆಗೆ ಕೈಹಚ್ಚಬೇಡಿ ಎಂದರು. ತಾವೇ ಕುಡುಗೋಲು ಹಿಡಿದು ಒಂದು ಸಾಲು ಕೊಯ್ದರು. ಅಷ್ಟರಲ್ಲಿ ಹೊತ್ತು ಮುಳುಗಿತು. ಡಬ್ಬಿ ಬಿಚ್ಚದೆ ಬಸ್ಸು ಹತ್ತಿದರು. ಅತ್ತಿಗೆಗೆ ಒಂದಿಷ್ಟು ಗೆಡ್ಡೆ ಸಿಕ್ಕಿತು, ಅದೂ ಗೋಲಿಯ ಗಾತ್ರದ್ದು. ಆ ವರ್ಷ ಅವರು ಹಸು ಮಾರಿದರು.

ಡೇರಿಯ ಕಮಿಟಿ ಸೇರಿ, ಹಲಗೆಯಲ್ಲಿ ಹಾಲಿನ ದರ ಒಂದೇ ಸಾಕು ಎಂದು ತೀರ್ಮಾನಿಸಿತು. ನಾನೂ ಕೈ ಎತ್ತಿದೆ. ಮೇಡಂ ನಮ್ಮೂರಿಗೆ ಬರುವುದು ನಿಂತಿತು. ಆಮೇಲಿನ ಮಳೆಗಾಲಗಳಲ್ಲಿ ನಮ್ಮವರು ಪಕ್ಕದೂರಿನವರನ್ನು ನೋಡಿಕೊಂಡು ಔಷಧಿ ಹೊಡೆಯುತ್ತಿದ್ದರು. ಅಲ್ಲಿಗೆ ಮೇಡಂ ಹೋಗುತ್ತಿದ್ದರು.

ಅವರು ನಿವೃತ್ತರಾಗಿ ಹುಟ್ಟೂರಿನಲ್ಲಿ ಕಾಯಿಲೆ ಬಿದ್ದು ಮಲಗಿದ್ದಾರೆಂದು ತಿಳಿದಾಗ ನಾನೂ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು. ಹಾಸನದಲ್ಲಿ ಬಸ್ಸು ಬದಲಾಯಿಸಿ, ಚನ್ನರಾಯಪಟ್ಟಣದಲ್ಲಿ ಆಟೋ ಹಿಡಿದು ಹೋದೆ. ಮಂಚದ ಮೇಲೆ ಒರಗಿ ಕೂತಿದ್ದರು. ಗುರುತು ಹಿಡಿದು, ಊರಿನ ಬೆಳೆ ವಿಚಾರಿಸಿದರು. ನಾನು ತಪ್ಪು ಹೇಳಿಕೊಂಡೆ. ಅವತ್ತು ಯಾಕೆ ಫೋನು ತೋರಿಸಲಿಲ್ಲ ಎಂದೂ ಕೇಳಿದೆ.

"ತೋರಿಸಿದ್ದರೆ ನಿಮ್ಮನ್ನ ಸುಳ್ಳುಗಾರ ಅಂತಿದ್ದರು. ನಾಳೆ ನೀವು ಅಳೆದು ಹೇಳೋ ಹಾಲಿನ ಫ್ಯಾಟನ್ನೂ ಯಾರೂ ನಂಬ್ತಿರಲಿಲ್ಲ. ಇರೋದು ಒಂದು ಡೇರಿ. ಅದೂ ಒಡೆದುಹೋದರೆ ಆ ಹೆಂಗಸರು ಹಾಲು ಎಲ್ಲಿ ಹಾಕಬೇಕು?"

ನಾನು ಹೊರಡಲು ಎದ್ದೆ.

"ನನಗೆ ಹೇಳಿದ್ರಿ, ಆಯ್ತು. ನಿಮ್ಮ ಅತ್ತಿಗೆಗೆ ಹೇಳಿದ್ರಾ?"

"ಏಳ್ತೀನಿ ಮೇಡಂ."

"ಹತ್ತರಲ್ಲಿ ಎಷ್ಟು ಪಾಲು?" ಎಂದು ಕೇಳಿ ಕಣ್ಣು ಮುಚ್ಚಿಕೊಂಡರು. ನಗುತ್ತಿದ್ದರೋ ಏನೋ, ನನಗೆ ತಿಳಿಯಲಿಲ್ಲ.

ಮುಂಗಾರಿಗೆ ಮುಂಚೆ ತೀರಿಕೊಂಡರು. ಸುದ್ದಿಯನ್ನು ಅತ್ತಿಗೆಗೆ ನಾನೇ ಮುಟ್ಟಿಸಿದೆ. ಅವರು ಮೊರದಲ್ಲಿ ರಾಗಿ ಕೇರುತ್ತಿದ್ದರು. ಕೈ ನಿಲ್ಲಿಸಿ, "ಅಯ್ಯೋ ಪಾಪ. ನನ್ನೊಲದಾಗೆ ಕುಡ್ಲು ಇಡ್ಕಂಡು ನಿಂತಿದ್ಲಲ್ಲಪ್ಪಾ. ಬಂಗಾರದಂತಾವ್ಳು. ಮಳೆ ಇಸ್ಯ ಒಂದು ಅವ್ಳಿಗೆ ತಿಳೀನಿಲ್ಲ ಅಷ್ಟೇಯ" ಎಂದರು.

ನಾನು ಹೂಂ ಎಂದೆ.

ನಾನು ಇನ್ನೂ ಕ್ಷಮೆ ಕೇಳಬೇಕಾಗಿ ಉಳಿದಿರುವುದು ಈ ಅತ್ತಿಗೆಯನ್ನು. ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ಇದನ್ನು ಬರೆದು ಮುಗಿಸಿದ್ದರಿಂದ ಹೇಳಿದ ಹಾಗಾಯಿತು ಎಂದು ನಾನು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಅತ್ತಿಗೆಗೆ ಓದು ಬರುವುದಿಲ್ಲ.