ಉಸಿರು ಬಿಟ್ಟ ಮೇಲಿನ ಫೋಟೊ

ಬೆಳಿಗ್ಗೆ ಹತ್ತು ಗಂಟೆ ಮೂವತ್ತೆಂಟು ನಿಮಿಷ. ನಿವೃತ್ತ ಎಕ್ಸ್‌ರೇ ತಂತ್ರಜ್ಞರೊಬ್ಬರು ನೆಲಕ್ಕೆ ಮಂಡಿಯೂರಿ, ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಹೊಸ ಕೃತಕ ಕಾಲಿನ ಇಪ್ಪತ್ತಾರನೆಯ ಫೋಟೊ ತೆಗೆಯುತ್ತಿದ್ದರು.

ಉಚಿತವಾಗಿ ಕಾಲು ಜೋಡಿಸುವ ಆ ಸೇವಾಸಂಸ್ಥೆ ಅವರ ಮನೆಯಿಂದ ನೂರ ನಲವತ್ತು ಹೆಜ್ಜೆ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಮೂಳೆಗಳ ಚಿತ್ರ ತೆಗೆದವರು ಸುಮ್ಮನೆ ಕೂರಲಾರದೆ, ಸಂಬಳವಿಲ್ಲದ ಫೋಟೊಗ್ರಾಫರ್ ಆಗಿ ಸೇರಿ ಅಂದಿಗೆ ಮೂರು ದಿನ.

ಸಂಸ್ಥೆಯ ಮೇಲ್ವಿಚಾರಕಿ ಕ್ಯಾಮೆರಾದ ಪರದೆ ನೋಡಿ ಹಣೆ ಚಚ್ಚಿಕೊಂಡರು. "ಏನ್ ಸಾರ್ ಇದು? ಮುಂದೆ, ಹಿಂದೆ, ಪಕ್ಕ, ಬರೀ ಮಂಡಿ! ಮುಖ ಎಲ್ಲಿ?"

"ಮುಖಕ್ಕೇನೂ ಆಗಿಲ್ವಲ್ಲಮ್ಮ."

ಅದು ತಮಾಷೆಯಲ್ಲ. ಅವರಿಗೆ ನಿಜಕ್ಕೂ ತಲೆಬುಡ ತಿಳಿಯಲಿಲ್ಲ. ಸಂಸ್ಥೆ ಕೊಟ್ಟದ್ದು ಕಾಲು. ಕಾಲು ಸ್ಪಷ್ಟವಾಗಿ ಬಂದಿದೆ. ಎಕ್ಸ್‌ರೇಗೆ ಇಡುವಂತೆ, ಯಾವ ಕಾಲೆಂದು ತಿಳಿಯಲು 'ಬಲ' ಎಂದು ಬರೆದ ಚೀಟಿಯನ್ನೂ ಪಕ್ಕದಲ್ಲಿಟ್ಟಿದ್ದಾರೆ. ಇನ್ನೇನು ಬೇಕು?

"ಅಣ್ಣಾ, ಮಗಳಿಗೆ ಕಳಿಸೋಕೆ ಬೇಕು," ಅಂದಳು ಹೆಂಗಸು. "ನನ್ನ ನೋಡ್ಕೊಳ್ಳೋಕೆ ಓದು ಬಿಟ್ಟು ನಾಳೆನೇ ಬರ್ತಾಳಂತೆ. ಎದ್ದು ನಿಂತಿದೀನಿ ಕಣೇ ಅಂದ್ರೆ ನಂಬಲ್ಲ. ಈ ಮಂಡಿ ಯಾರ್ದು ಅಂತ ಅವಳಿಗೇನ್ ಗೊತ್ತು? ಹನ್ನೊಂದಕ್ಕೆ ನನ್ ಬಸ್ಸು ಬೇರೆ."

ಅವರು ಕ್ಯಾಮೆರಾ ಎತ್ತಿದರು. ಮೂಳೆಯಾದರೆ ಇಟ್ಟಲ್ಲೇ ಇರುತ್ತದೆ. ಈ ಮುಖ ಒಂದು ಕ್ಷಣವೂ ನಿಲ್ಲದು. ಬಾಯಿಗೆ ಹಳೆಯ ರೂಢಿಯೇ ಬಂತು.

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಅಲುಗಾಡ್ಬೇಡಿ."

ನಡಿಗೆ ಕಲಿಸುವ ಜೋಡಿ ಕಂಬಿಗಳ ನಡುವೆ ಆಕೆ ಕೆನ್ನೆ ಉಬ್ಬಿಸಿ ನಿಂತಳು. ಪರದೆಯಲ್ಲಿ ಮೂಡಿದ್ದು ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಮುಖ. ಎಲ್ಲಿ ತಪ್ಪಿತೆಂದು ಅವರು ನೋಡುತ್ತಲೇ ಇದ್ದರು.

"ಸಾರ್, ಆಯಮ್ಮ ಇನ್ನೂ ಉಸಿರು ಬಿಟ್ಟಿಲ್ಲ!" ಮೇಲ್ವಿಚಾರಕಿ ಕೂಗಿದರು.

"ಅಯ್ಯೋ! ಬಿಡಿ, ಬಿಡಿ, ಉಸಿರಾಡಿ!"

ಆಕೆ ಬುಸ್ಸೆಂದು ಉಸಿರು ಬಿಟ್ಟು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗಾಬರಿಗೆ ಅವರ ಬೆರಳು ಗುಂಡಿ ಒತ್ತಿಬಿಟ್ಟಿತು.

ಮುಡಿಯಿಂದ ಅಡಿಯವರೆಗೂ ಬಂದಿದ್ದ ಆ ಫೋಟೊ ತುಸು ಅದುರಿತ್ತು. ಆಸ್ಪತ್ರೆಯಲ್ಲಾಗಿದ್ದರೆ ನೇರ ಕಸದ ಬುಟ್ಟಿಗೆ. ಆದರೆ ಆಕೆ ಹಟ ಹಿಡಿದು ಅದನ್ನೇ ಫೋನಿಗೆ ಹಾಕಿಸಿಕೊಂಡು ಮಗಳಿಗೆ ಕಳಿಸಿದಳು. ಬಾಗಿಲು ದಾಟುವಷ್ಟರಲ್ಲಿ ಉತ್ತರ ಬಂತು. ಆಕೆ ಗಟ್ಟಿಯಾಗಿ ಓದಿದಳು: "ಅಮ್ಮಾ, ನೀನು ಕಂಬಿ ಹಿಡ್ಕೊಂಡೇ ಇಲ್ಲ! ಸರಿ, ಪರೀಕ್ಷೆ ಮುಗಿಸಿಯೇ ಬರ್ತೀನಿ."

ಕೆಟ್ಟ ಫೋಟೊ ಒಳ್ಳೆಯದಾದದ್ದು ಹೇಗೆ? ಮನೆಯವರೆಗಿನ ನೂರ ನಲವತ್ತು ಹೆಜ್ಜೆಯಲ್ಲೂ ಅದು ಬಗೆಹರಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಸೇರಿದ ದಿನ ತಾವೇ ಆಡಿದ್ದ ಮಾತು. "ಇದುವರೆಗೆ ಎಷ್ಟು ಜನರ ಫೋಟೊ ತೆಗೆದಿದೀರಾ ಸಾರ್?" ಎಂದು ಮೇಲ್ವಿಚಾರಕಿ ಕೇಳಿದಾಗ ಅವರು ಮುಖವೇ ಇಲ್ಲದ ಎಕ್ಸ್‌ರೇಗಳನ್ನೆಲ್ಲ ಲೆಕ್ಕ ಹಿಡಿದು, ಒಂದಿಷ್ಟೂ ತಡವರಿಸದೆ ಹೇಳಿದ್ದರು: "ನಲವತ್ತೊಂದು ಸಾವಿರದ ಆರುನೂರು."